ಅಕ್ಕನಿಗೆ ತೋರಿಸಿದ ಕೈ

ಅಕ್ಕನ ಬಲ ಮೀನಖಂಡದ ಒಳಬದಿಯಲ್ಲಿ ಕಪ್ಪು ಚುಕ್ಕೆಗಳ ಬಾಗಿದ ಸಾಲೊಂದಿತ್ತು, ಯಾವುದೋ ಪ್ರಾಣಿ ಕಚ್ಚಿ ಬಿಟ್ಟ ಹಾಗೆ. ಸೈಕಲ್ಲಿನಲ್ಲಿ ಪೆಡಲಿನ ಜೊತೆ ತಿರುಗುವ ಹಲ್ಲಿನ ಚಕ್ರವಿದೆಯಲ್ಲ, ನಾವು ಚೈನ್‌ರಿಂಗ್ ಅನ್ನುವುದು, ಅದು ಕಚ್ಚಿದ ಗುರುತು. ಗಾಯಕ್ಕೆ ಚೈನಿನ ಮಸಿ ಇಳಿದು ಹಚ್ಚೆಯಂತೆ ಉಳಿದುಬಿಟ್ಟಿತ್ತು. ಅದು ಎಲ್ಲರಿಗೂ ಕಾಣಲಿ ಎಂದೇ ಅಕ್ಕ ಟ್ರ್ಯಾಕ್ ಪ್ಯಾಂಟಿನ ಬಲಗಾಲನ್ನು ಮೊಣಕಾಲಿನವರೆಗೆ ಮಡಚಿಕೊಂಡು ಓಡಾಡುತ್ತಿದ್ದರು. ರಾಜಾಜಿನಗರದ ಶಾಲೆಯೊಂದರಲ್ಲಿ ಅವರು ಆಟದ ಟೀಚರು. ಕಾಲು ಮುಚ್ಚಿಕೊಂಡು ಬನ್ನಿ ಎಂದು ಹೆಡ್‌ಮಿಸ್ಸು ಒಮ್ಮೆ ಹೇಳಿದ್ದಕ್ಕೆ ಮರುದಿನ ಎರಡೂ ಕಾಲು ಮಡಚಿಕೊಂಡು ಹೋದರಂತೆ.

ನಾವು ಸೈಕಲ್ ತುಳಿಯುವ ಹುಡುಗಿಯರೆಲ್ಲ ಅವರನ್ನು ಕರೆಯುತ್ತಿದ್ದುದು ಅಕ್ಕ ಎಂದೇ. ಊರು ವಿಜಯಪುರದ ಕಡೆ. ಆ ಸೀಮೆಯಲ್ಲಿ ಸೈಕಲ್ ಓಟವೆಂದರೆ ಜನ ಊಟ ಬಿಟ್ಟು ರಸ್ತೆಗೆ ಬಂದು ನಿಲ್ಲುತ್ತಾರೆ. ಬೆಂಗಳೂರಿಗೆ ಬಂದು ಹೊಸಹಳ್ಳಿಯ ಮಹಡಿ ಮನೆಯಲ್ಲಿ ಎಷ್ಟೋ ವರ್ಷ ಬಾಡಿಗೆಗಿದ್ದರೂ ನಾಲಿಗೆಗೆ ಇಲ್ಲಿಯ ಗಾಳಿ ಸೋಕಲು ಬಿಟ್ಟಿರಲಿಲ್ಲ. ಬಸವೇಶ್ವರನಗರದಲ್ಲಿ ಬೆಳೆದ ನಾನು ಮೊದಮೊದಲು ಅವರ ಬೈಗುಳಗಳಲ್ಲಿ ಅರ್ಧ ಅರ್ಥವಾಗದೆ ನಗುತ್ತಿದ್ದೆ. ಅರ್ಥವಾದ ಮೇಲೆ ನಗು ನಿಂತಿತು.

ಕಲೆಯ ಕತೆಯನ್ನು ಅವರೇ ಹೇಳಿದ್ದರು. ರಾಷ್ಟ್ರಮಟ್ಟದ ಓಟವೊಂದರಲ್ಲಿ ಏರಿನ ನಡುವೆ ಚೈನು ಕಳಚಿ ಚೌಕಟ್ಟಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡಿತು. ಕೈಯಲ್ಲಿ ಎಳೆದು ಬಿಡಿಸುವ ಅವಸರದಲ್ಲಿ ಕಾಲು ಜಾರಿತು. ಚೈನು ಕೂತಿದ್ದರೆ ಹಲ್ಲು ಮುಚ್ಚಿರುತ್ತದೆ, ಕಳಚಿದಾಗ ಬರಿಹಲ್ಲು ಮಾಂಸಕ್ಕೆ ಇಳಿಯುತ್ತದೆ. ಹಿಂದೆ ಬರುತ್ತಿದ್ದ ಜೀಪಿನವರು ಸಾಕು, ಹತ್ತಮ್ಮ ಎಂದರು. ಅಕ್ಕ ಹತ್ತಲಿಲ್ಲ. ರಕ್ತ ಸುರಿಸಿಕೊಂಡೇ ತುಳಿದರು. ಗುರಿ ಮುಟ್ಟುವಾಗ ಅಲ್ಲಿ ಸಂಘಟಕರು ಯಾರೂ ಇರಲಿಲ್ಲ. ಪೆಂಡಾಲಿನ ಹಗ್ಗ ಸುತ್ತುತ್ತಿದ್ದವನೊಬ್ಬ ಇದ್ದ, ರಸ್ತೆಯ ಮೇಲೆ ಸುಣ್ಣದ ಗೆರೆ ಇತ್ತು. ಫಲಿತಾಂಶದಲ್ಲಿ ಅವರ ಹೆಸರಿನ ಮುಂದೆ ಓಟ ಮುಗಿಸಿಲ್ಲ ಎಂದು ಬರೆದಿದ್ದರು.

"ನಾ ಮುಗಿಸೀನಿ. ಬೇಕಾದ್ರ ಆ ಸುಣ್ಣದ ಗೆರೀನ ಕೇಳ್ರಿ," ಎನ್ನುತ್ತಿದ್ದರು ಅಕ್ಕ, ಪ್ರತಿ ಸಲವೂ ಅದೇ ಸಿಟ್ಟಿನಲ್ಲಿ. ಆ ಸಿಟ್ಟು ಇಳಿಯಲು ಅವರು ಬಿಡಲಿಲ್ಲ. ಬಿಡದಿದ್ದುದೇ ಸರಿ ಎಂದು ನನ್ನ ಅಭಿಪ್ರಾಯ.

ಅವರ ತರಬೇತಿಯಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಮಾಗಡಿ ರಸ್ತೆಗೆ ಇಳಿಯುವ ಮೊದಲು ನಾವು ಸಾಲಾಗಿ ನಿಂತು ಎರಡೂ ಅಂಗೈ ಚಾಚಬೇಕು. "ಕೈ ತೋರ್ಸು" ಎನ್ನುತ್ತ ಒಬ್ಬೊಬ್ಬರ ಅಂಗೈಯನ್ನೂ ನೋಡುತ್ತಿದ್ದರು. ಬೇರೆ ಟೀಚರುಗಳು ಕೊಳೆ ಕಂಡರೆ ಬೈಯುತ್ತಾರೆ, ಅಕ್ಕ ಕೊಳೆ ಕಾಣದಿದ್ದರೆ ಬೈಯುತ್ತಿದ್ದರು. ಅಂಗೈಯಲ್ಲಿ ಮಸಿ ಇಲ್ಲವೆಂದರೆ ಅವಳು ಅಂದು ತನ್ನ ಚೈನನ್ನು ಮುಟ್ಟಿ ನೋಡಿಲ್ಲ ಎಂದರ್ಥ. ಅಂಥವಳು ರಸ್ತೆಗೆ ಇಳಿಯುವ ಹಾಗಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವ ಗೆಳತಿಯೊಬ್ಬಳು ನಮ್ಮ ಜೊತೆಗಿದ್ದಳು. ಇಲ್ಲಿಂದ ನೇರ ಕೆಲಸಕ್ಕೆ ಹೋಗುವವಳು.

"ಅಕ್ಕಾ, ಬಿಳಿ ಶರ್ಟ್ ಹೊಲಿಯೋದು ನಾನು. ಒಂದು ಚುಕ್ಕೆ ಅಂಟಿದ್ರೂ ಸೂಪರ್‌ವೈಸರ್ ಜೀವ ತೆಗೀತಾನೆ," ಎಂದು ಅವಳು ಗೋಗರೆದಳು.

"ಸೀಮೆಎಣ್ಣಿ ಹಚ್ಚಿ ತೊಳ್ಕೊ. ಅವಗ ಅಂಜಿ ನನ್ನ ಮುಂದ ಬೆಳ್ಳನ ಕೈ ಹಿಡೀತಿ ಏನು?" ಎಂದರು ಅಕ್ಕ. ಮರುದಿನ ಅವರೇ ಒಂದು ಸಣ್ಣ ಸೀಸೆಯಲ್ಲಿ ಸೀಮೆಎಣ್ಣೆ, ಒಂದು ತುಂಡು ಸೋಪು ತಂದು ಅವಳ ಚೀಲಕ್ಕೆ ಹಾಕಿದರು.

ಚೈನು ಕಳಚುವುದನ್ನು ಕಲಿಸಲು ಬೆಂಗಳೂರಿನ ರಸ್ತೆಗಿಂತ ದೊಡ್ಡ ಗುರುವಿಲ್ಲ. ಕಾಮಾಕ್ಷಿಪಾಳ್ಯದ ಹತ್ತಿರ ಅಗೆದು ಮುಚ್ಚಿದ, ಮುಚ್ಚಿ ಮತ್ತೆ ಅಗೆದ ಜಾಗವೊಂದಿದೆ. ಅಕ್ಕ ನಮ್ಮನ್ನು ಬೇಕೆಂದೇ ಅದರ ಮೇಲೆ ಹಾಯಿಸುತ್ತಿದ್ದರು. ಕಳಚಿದರೆ ಇಳಿದು, ಸೈಕಲ್ ಒರಗಿಸಿ, ಹಿಂದಿನ ಗೇರಿನ ತೋಳನ್ನು ಮುಂದಕ್ಕೆ ತಳ್ಳಿ ಚೈನು ಸಡಿಲಿಸಿ, ಬರಿಗೈಯಲ್ಲಿ ಹಲ್ಲಿಗೆ ಕೂರಿಸಿ, ಪೆಡಲು ತಿರುಗಿಸಿ ಹತ್ತಬೇಕು. ಅದನ್ನು ಅತ್ತಿತ್ತ ನೋಡಿಕೊಂಡು, ಬಸ್ಸಿನವರ ಹಾರನ್ ಕೇಳಿಸಿಕೊಂಡು, ಕೈ ತಾನಾಗಿ ಮಾಡುವಷ್ಟು ಸಲ ಮಾಡಿಸುತ್ತಿದ್ದರು.

ಆಮೇಲೆ ನಮ್ಮ ಓಟದ ಸೈಕಲ್ಲುಗಳಿಗೂ ಒಂಟಿ ಚೈನ್‌ರಿಂಗ್ ಬಂತು. ಮೊದಲು ಮುಂದೆ ಎರಡು ಹಲ್ಲಿನ ಚಕ್ರಗಳಿರುತ್ತಿದ್ದವು, ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಲು ಪಂಜರದಂಥ ಒಂದು ಸಾಧನ ಅದರ ಮೇಲೆ ಕಾವಲು ನಿಂತಿರುತ್ತಿತ್ತು. ಚೈನು ಜಾರಿದರೂ ಎಷ್ಟೋ ಸಲ ಗೇರು ಒತ್ತಿ ಮೆಲ್ಲಗೆ ತುಳಿದರೆ ಅದೇ ಎತ್ತಿ ಕೂರಿಸುತ್ತಿತ್ತು. ಹೊರದೇಶದ ವೃತ್ತಿಪರ ತಂಡಗಳಲ್ಲಿ ಕೆಲವರು ಒಂದು ಚಕ್ರವನ್ನೂ ಆ ಕಾವಲನ್ನೂ ಕಿತ್ತುಹಾಕಿದರು. ಸೈಕಲ್ ಹಗುರ, ಗೇರು ಹಾಕುವ ತಲೆನೋವು ಕಡಿಮೆ, ಹಲ್ಲುಗಳ ಆಕಾರವೇ ಚೈನನ್ನು ಹಿಡಿದುಕೊಳ್ಳುತ್ತದೆ ಎಂದರು. ಹಿಡಿದುಕೊಳ್ಳುತ್ತದೆ, ನಿಜ. ಹಿಡಿಯದ ದಿನ ಮಾತ್ರ ಇಳಿದು ಕೈ ಹಾಕದೆ ಬೇರೆ ದಾರಿಯಿಲ್ಲ.

ಒಂದು ಸಂಜೆ ಅಕ್ಕನ ಮನೆಯಲ್ಲಿ ಮೊಬೈಲಿನಲ್ಲಿ ಅಂಥದೊಂದು ಓಟ ನೋಡುತ್ತಿದ್ದೆವು. ಮುಂದಿದ್ದ ಸವಾರನ ಚೈನು ಕಲ್ಲುಹಾಸಿನ ರಸ್ತೆಯಲ್ಲಿ ಕಳಚಿತು. ಅವನು ಪಕ್ಕಕ್ಕೆ ಸರಿದು, ಕೈ ಎತ್ತಿ, ತಂಡದ ಕಾರಿಗಾಗಿ ಕಾಯುತ್ತ ನಿಂತ. ಜೊತೆಯವರು ಕಣ್ಣಿಂದ ಮರೆಯಾದರು. ಅಕ್ಕ ಒಗ್ಗರಣೆಯ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ಮೊಬೈಲಿಗೆ ಬೈದರು.

"ಕೈ ಯಾಕ ಎತ್ತಿ ನಿಂತಿಯೋ ತಮ್ಮಾ? ಕೆಳಗ ಬಗ್ಗು! ಚೈನ್ ಅಲ್ಲೇ ಐತಿ, ಕಾಲ ಬುಡಕ್ಕ ಐತಿ!"

"ಒಂದೇ ಚಕ್ರ ಹಾಕಿದ್ದೇ ತಪ್ಪಲ್ವಾ ಅಕ್ಕ?" ಎಂದೆ.

"ಒಂದ್ ಹಾಕ್ಲಿ, ಎರಡ್ ಹಾಕ್ಲಿ, ಅದರಾಗ ತಪ್ಪೇನೈತಿ? ಬೀಳಂಗಿಲ್ಲ ಅಂತ ಹೇಳಿ ಕೊಡ್ತಾರಲ್ಲ, ಅದು ಸುಳ್ಳು. ಬೀಳ್ತೈತಿ ಅಂತ ತಿಳ್ಕೊಂಡು ಹತ್ತಬೇಕು ನೋಡವಾ."

ಆ ವರ್ಷವೇ ಖಾಸಗಿ ಕಂಪನಿಯೊಂದರ ವೃತ್ತಿಪರ ತಂಡಕ್ಕೆ ನಾನು ತಾತ್ಕಾಲಿಕವಾಗಿ ಸೇರಿದೆ. ತಂಡದ ಸೈಕಲ್ಲುಗಳೆಲ್ಲ ಒಂಟಿ ಚೈನ್‌ರಿಂಗಿನವು. ಕೆಂಗೇರಿಯಾಚೆ ನಡೆಯುವ ಆಯ್ಕೆ ಓಟವನ್ನು ಕಾಲಮಿತಿಯೊಳಗೆ ಮುಗಿಸಿದವರಿಗೆ ಮಾತ್ರ ಕಾಯಂ ಜಾಗ, ಮುಗಿಸದವರು ಸೈಕಲ್ ಒಪ್ಪಿಸಿ ಮನೆಗೆ. ಓಟದ ಹಿಂದಿನ ದಿನ ತಂಡದ ಮ್ಯಾನೇಜರು ಹುಡುಗಿಯರನ್ನು ಮಾತ್ರ ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರು.

"ನೋಡಮ್ಮ, ಏನಾದ್ರೂ ಆದ್ರೆ ಕೈ ಎತ್ತಿ ನಿಂತ್ಕೊಳ್ಳಿ, ಕಾರ್ ಬರುತ್ತೆ. ನೀವಾಗ್ ನೀವೇ ಏನೂ ಕೆದಕೋಕೆ ಹೋಗ್ಬೇಡಿ, ಕಾಸ್ಟ್ಲಿ ಸೈಕಲ್."

ಹುಡುಗರಿಗೆ ಈ ಉಪದೇಶ ಇರಲಿಲ್ಲ. ಅವರ ಸೈಕಲ್ಲೇನು ಪುಕ್ಕಟೆ ಬಂದಿತ್ತೇ?

ಕೊನೆಯ ಸುತ್ತಿನಲ್ಲಿ, ಹೊಸದಾಗಿ ಹಾಕಿದ ರೋಡ್‌ಹಂಪೊಂದರ ಮೇಲೆ ನನ್ನ ಚೈನು ಒಳಕ್ಕೆ ಕಳಚಿತು. ಪೆಡಲು ತಟಕ್ಕನೆ ಹಗುರಾಗಿ ಕಾಲು ಗಾಳಿಯಲ್ಲಿ ತಿರುಗಿತು. ಗುಂಪು ಮುಂದೆ ಹೋಯಿತು. ತಂಡದ ಕಾರು ಎಲ್ಲೋ ಹಿಂದೆ, ಬಿದ್ದ ಇನ್ನೊಬ್ಬರ ಬಳಿ ನಿಂತಿತ್ತು. ನಾನು ಕೈ ಎತ್ತಲಿಲ್ಲ. ಇಳಿದು ಬಗ್ಗಿದೆ. ಕಾಮಾಕ್ಷಿಪಾಳ್ಯದ ಗುಂಡಿಯಲ್ಲಿ ಕಲಿತ ಕೈ ತನ್ನ ಕೆಲಸ ಮಾಡಿತು. ಆದರೆ ಚೈನು ಚೌಕಟ್ಟಿನ ಸಂದಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬಿಡಿಸಿ ಹತ್ತುವಷ್ಟರಲ್ಲಿ ಮುಂದಿನವರ ಸುಳಿವೇ ಇರಲಿಲ್ಲ. ಅಳುತ್ತಲೇ ತುಳಿದೆ. ನಾನು ಗುರಿ ಮುಟ್ಟುವ ಮೊದಲೇ ಸಂಘಟಕರು ಕಟ್ಟಿದ್ದನ್ನೆಲ್ಲ ಬಿಚ್ಚಿರುತ್ತಾರೆ ಎಂದು ನನಗೆ ಗೊತ್ತಿತ್ತು.

ಅಲ್ಲಿ ಆಗಿದ್ದನ್ನು, ಅಕ್ಕನ ಜೊತೆ ಓಟ ನೋಡಲು ಬಂದಿದ್ದ ಗಾರ್ಮೆಂಟ್ಸಿನ ಗೆಳತಿ ಆಮೇಲೆ ಹೇಳಿದಳು. ಕಾಲಮಿತಿ ಇನ್ನೂ ಮುಗಿದಿರಲಿಲ್ಲ, ಆದರೂ ಯಾರೂ ಬಾಕಿಯಿಲ್ಲವೆಂದು ಸಂಘಟಕರು ಬ್ಯಾನರ್ ಬಿಚ್ಚಲು ಶುರುಮಾಡಿದರು. ಟ್ರಾಫಿಕ್ ಬಿಡಬೇಕೆಂದು ಪೊಲೀಸರೂ ಅವಸರ ಮಾಡಿದರು. ಅಕ್ಕ ಹೋಗಿ ಗೆರೆಯ ಮೇಲೆ ಕಾಲು ಅಗಲಿಸಿ ನಿಂತರಂತೆ, ಬಲಗಾಲಿನ ಪ್ಯಾಂಟು ಮಡಚಿಕೊಂಡು.

"ಇನ್ನೂ ಒಬ್ಬಾಕಿ ಬರಾಕತ್ತಾಳ. ಗಡಿಯಾರ ಬಂದ್ ಮಾಡ್ಬ್ಯಾಡ್ರಿ."

"ಅವ್ರು ಕಾರ್ ಹತ್ತಿರ್ತಾರೆ ಬಿಡಿ ಮೇಡಂ," ಎಂದರಂತೆ ಮ್ಯಾನೇಜರು.

"ನನ್ನ ಹುಡುಗಿ ಕಾರ್ ಹತ್ತಂಗಿಲ್ಲ. ನೀವ್ ಬೇಕಾದ್ರ ಹತ್ರಿ."

ನಾನು ತಿರುವಿನಲ್ಲಿ ಕಂಡಾಗ ಬ್ಯಾನರ್ ಒಂದು ತುದಿಯಲ್ಲಿ ನೇತಾಡುತ್ತಿತ್ತು, ಅಕ್ಕ ನಡುರಸ್ತೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ನಾನು ದಾಟಿದ ಮೇಲೆಯೇ ಕದಲಿದ್ದು. ಕಾಲಮಿತಿ ಮೀರಿರಲಿಲ್ಲ, ಜಾಗ ಉಳಿಯಿತು. ನೀನೇ ಹಿಂದಕ್ಕೆ ತುಳಿದಿರ್ತೀಯ, ಅದಕ್ಕೇ ಕಳಚಿದ್ದು ಎಂದು ಮ್ಯಾನೇಜರು ಶುರುಮಾಡಿದರು. ಅಕ್ಕ ನನ್ನ ಎರಡೂ ಕೈ ಹಿಡಿದು ಅವರ ಮೂಗಿನ ಹತ್ತಿರ ತಂದರು.

"ಮಸಿ ನೋಡ್ರಿ ಸಾಹೇಬ್ರ. ಈಗ ನಿಮ್ಮ ಕೈ ತೋರಿಸ್ರಿ."

ಮ್ಯಾನೇಜರು ಕೈ ಜೇಬಿಗೆ ಹಾಕಿಕೊಂಡರು.

ಹೋದ ವರ್ಷ ಅಕ್ಕನಿಗೆ ಕಾಯಿಲೆ ಬಂತು. ಮೆಟ್ಟಿಲು ಇಳಿಯಲಾಗದಿದ್ದಾಗಲೂ ಬೆಳಿಗ್ಗೆ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದರು, ನಾವು ರಸ್ತೆಯಿಂದ ಅಂಗೈ ಎತ್ತಿ ತೋರಿಸುತ್ತಿದ್ದೆವು. ಅವರ ಕಣ್ಣಿಗೆ ಅಷ್ಟು ದೂರದಿಂದ ಮಸಿ ಕಾಣುತ್ತಿತ್ತೋ ಇಲ್ಲವೋ, ನಾವು ಮಾತ್ರ ಒಂದು ದಿನವೂ ಮೋಸ ಮಾಡಲಿಲ್ಲ.

ಅವರು ತೀರಿಕೊಂಡಾಗ ಊರಿಗೆ ಒಯ್ಯಲು ಅವರ ಅಣ್ಣ ವ್ಯಾನ್ ತಂದರು. ಸುಮನಹಳ್ಳಿಯವರೆಗೆ ನಾವೆಲ್ಲ ಸೈಕಲ್ಲಿನಲ್ಲಿ ಹಿಂದೆ ಹೋಗುವುದು, ಅಲ್ಲಿ ಕೊನೆಯ ನಮಸ್ಕಾರ ಎಂದು ಮಾತಾಯಿತು. ಎಲ್ಲರೂ ಸ್ನಾನ ಮಾಡಿ, ಬಿಳಿ ಬಟ್ಟೆ ಉಟ್ಟು, ಹೂವು ಹಿಡಿದು ಬಂದಿದ್ದೆವು. ಸುಮನಹಳ್ಳಿಯಲ್ಲಿ ವ್ಯಾನ್ ನಿಂತಾಗ ನೋಡಿದರೆ ಗೆಳತಿ ಇಲ್ಲ. ಕಾಮಾಕ್ಷಿಪಾಳ್ಯದ ಗುಂಡಿಯಲ್ಲಿ ಅವಳ ಚೈನು ಕಳಚಿದ್ದನ್ನು ಯಾರೋ ನೋಡಿದ್ದರು.

"ಮೇಡಂ, ದಾರಿ ದೂರ ಇದೆ. ಇಲ್ಲಿ ನಿಲ್ಸಿದ್ರೆ ಪೊಲೀಸ್ ಬೈತಾರೆ," ಎಂದ ಡ್ರೈವರು.

ನಾನು ಸೈಕಲ್ಲನ್ನು ವ್ಯಾನಿನ ಮುಂದೆ ಅಡ್ಡ ಮಲಗಿಸಿದೆ. "ಇನ್ನೂ ಒಬ್ಳು ಬರ್ತಾ ಇದಾಳೆ ಅಣ್ಣ. ಅವ್ಳು ಬರೋವರ್ಗೂ ಗಾಡಿ ಹೋಗಲ್ಲ."

ಹಿಂದೆ ಹಾರನ್ನುಗಳು ಶುರುವಾದವು. ಹೊಡೆದುಕೊಳ್ಳಲಿ ಎಂದು ಕೈಕಟ್ಟಿ ನಿಂತೆ.

ಗೆಳತಿ ಏದುಸಿರು ಬಿಡುತ್ತ ಬಂದಳು. ಬಿಳಿ ಶರ್ಟು, ಕೈ ಮಣಿಕಟ್ಟಿನವರೆಗೆ ಕಪ್ಪು. "ನೀರ್ ಇದ್ಯೇನೇ? ಕೈ ತೊಳ್ಕೊಂಡು ಮುಟ್ತೀನಿ," ಎಂದಳು.

"ತೊಳೀಬೇಡ ಕಣೇ. ಹಾಗೇ ತೋರ್ಸು."

ಅವಳು ವ್ಯಾನಿನ ಹಿಂಬಾಗಿಲಲ್ಲಿ ನಿಂತು ಅಕ್ಕನ ಮುಖದೆದುರು ಎರಡೂ ಅಂಗೈ ಚಾಚಿದಳು. ಆಗ ನನ್ನ ಕೈ ನೋಡಿಕೊಂಡೆ. ತೊಳೆದ ಕೈ. ಸಾಲಿನಲ್ಲಿದ್ದ ಎಲ್ಲರದೂ ತೊಳೆದ ಕೈ. ಯಾರೂ ಯಾರಿಗೂ ಹೇಳಲಿಲ್ಲ, ಒಬ್ಬೊಬ್ಬರಾಗಿ ಬಗ್ಗಿ ನಮ್ಮ ನಮ್ಮ ಚೈನು ಹಿಡಿದೆವು. ಜೊತೆಗೆ ಬಂದಿದ್ದ ನೆಂಟರೊಬ್ಬರು ಇದೇನು ಅಸಹ್ಯ ಎಂದರು. ಅಕ್ಕನ ಅಣ್ಣ ಅವರ ತೋಳು ಹಿಡಿದರು. "ಇರ್ಲಿ ಬಿಡ್ರಿ. ಆಕಿಗೆ ಹಿಂಗ ಸೇರತಿತ್ತು."

ಒಬ್ಬೊಬ್ಬರೂ ಕೈ ತೋರಿಸಿ ಸರಿದೆವು. ನನ್ನ ಸರದಿ ಬಂದಾಗ ನಾನೂ ಎರಡೂ ಅಂಗೈ ಚಾಚಿದೆ. ಆಮೇಲೆ ಬಾಗಿಲನ್ನು ನಾವೇ ತಳ್ಳಿ ಮುಚ್ಚಿದೆವು. ಬಿಳಿ ಬಣ್ಣದ ಬಾಗಿಲಿನ ತುಂಬ ನಮ್ಮ ಅಂಗೈಗಳು ಮೂಡಿದವು. ಡ್ರೈವರು ಇಳಿದು ಬಂದು, ನೋಡಿ, ಒರೆಸಲು ಬಟ್ಟೆ ತೆಗೆದ.

ನಾನು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡೆ. "ಊರು ಮುಟ್ಟೋವರ್ಗೂ ಇರ್ಲಿ ಅಣ್ಣ," ಎಂದೆ.