ದೊಮ್ನಿಕಾಳ ಪಾಲಿನ ದಾರ

ನಮ್ಮ ಅನಾಥ ಮಕ್ಕಳ ಮನೆಯಲ್ಲಿ ಹನ್ನೆರಡು ಮಕ್ಕಳು. ಹಗಲು ಪಾಳಿಯಲ್ಲಿ ಅವರನ್ನು ನೋಡಿಕೊಳ್ಳಲು ಜಮ್ಫಿರಾ ಒಬ್ಬಳೇ. ಆದರೆ ಬಾಗಿಲ ಪಕ್ಕದ ಹಲಗೆಯ ಮೇಲೆ ಎರಡು ಹೆಸರುಗಳಿದ್ದವು, ಜಮ್ಫಿರಾ ಮತ್ತು ದೊಮ್ನಿಕಾ. ಹಾಜರಿ ಪುಸ್ತಕದಲ್ಲೂ ಎರಡು ಸಹಿ. ದೊಮ್ನಿಕಾ ಆರು ವರ್ಷದ ಹಿಂದೆಯೇ ಇಟಲಿಗೆ ಹೋಗಿ ಯಾವುದೋ ಮುದುಕಿಯ ಸೇವೆಗೆ ನಿಂತವಳು. ಅವಳ ಸಹಿಯನ್ನು ಜಮ್ಫಿರಾ ಎಡಗೈಯಲ್ಲಿ ಹಾಕುತ್ತಿದ್ದಳು. ಬರುಬರುತ್ತಾ ಅದು ಅವಳ ಸ್ವಂತ ಸಹಿಗಿಂತ ಚೆನ್ನಾಗಿ ಬರತೊಡಗಿತ್ತು. ಅಡುಗೆಯವಳಾದ ನಾನು ಅದನ್ನೇ ಹೇಳಿ ಗೇಲಿ ಮಾಡುತ್ತಿದ್ದೆ.

ಉಪಾಯ ಜಮ್ಫಿರಾಳದಲ್ಲ. ದೊಮ್ನಿಕಾ ಹೋದ ಮೂರು ವರ್ಷದ ಮೇಲೆ, ಪಾಳಿಗೆ ಇಬ್ಬರಿಲ್ಲದಿದ್ದರೆ ಪರವಾನಗಿ ರದ್ದು ಎಂದು ಜಿಲ್ಲಾ ಕಚೇರಿಯವರು ಕಾಗದ ಕಳಿಸಿದರು. ಇನ್ನೊಬ್ಬರಿಗೆ ಸಂಬಳ ಕೊಡಲು ಹಣವಿಲ್ಲ ಎಂಬ ಕಾಗದವನ್ನೂ ಅವರೇ ಕಳಿಸಿದರು. ಆ ನಿಯಮ ಬರೆದವನ ಮಕ್ಕಳನ್ನು ಅವನ ಹೆಂಡತಿ ಒಬ್ಬಳೇ ಸಾಕಿರುತ್ತಾಳೆ, ಆ ಮಾತು ಬೇರೆ. ಪರವಾನಗಿ ಹೋದರೆ ಮಕ್ಕಳೆಲ್ಲ ಚೆಲ್ಲಾಪಿಲ್ಲಿ. ಪುಟ್ಟ ಇಲಿಂಕಾ ಮತ್ತು ಅವಳ ಇಬ್ಬರು ತಮ್ಮಂದಿರು ಮೂರು ಊರಿನ ಪಾಲಾಗುತ್ತಿದ್ದರು. ಅದಕ್ಕೇ ನಿರ್ದೇಶಕಿ ಸೊರೀನಾ ನನ್ನ ಒಲೆಯ ಮುಂದೆಯೇ ನಿಂತು ಜಮ್ಫಿರಾಳ ಕೈ ಹಿಡಿದುಕೊಂಡಳು.

"ದೊಮ್ನಿಕಾದೂ ನೀನೇ ಗೀಚಿಬಿಡು ಜಮ್ಫಿರಕ್ಕ. ಹೊಸಬ್ರು ಬರೋವರ್ಗೂ ಅಷ್ಟೇ. ಏನಾದ್ರೂ ಆದ್ರೆ ನಾನಿದೀನಿ."

ಜಮ್ಫಿರಾ ನಂಬಿದಳು. ಹಾಲಿನ ಕೆನೆ ಕಂಡರೆ ಯಾರಿಗೆ ವಾಕರಿಕೆ, ಯಾರಿಗೆ ಚಿಕ್ಕದಾದ ಚಪ್ಪಲಿ ಯಾರಿಗೆ ಹೋಗಬೇಕು, ಎಲ್ಲ ಅವಳಿಗೆ ಬಾಯಿಪಾಠ. ಶನಿವಾರ ಹನ್ನೆರಡು ಮಕ್ಕಳ ಉಗುರು ಕತ್ತರಿಸಿ ಮುಗಿಸುವ ಹೊತ್ತಿಗೆ ಮಂಡಿ ಹಿಡಿದುಕೊಂಡು, ಎದ್ದು ನಿಲ್ಲಲು ನನ್ನನ್ನು ಕೂಗುತ್ತಿದ್ದಳು.

ಮಾರ್ಚ್ ಒಂದರಂದು ನಮ್ಮಲ್ಲಿ ವಸಂತದ ಶುಭಕ್ಕೆಂದು ಮಕ್ಕಳು ಹೆಂಗಸರಿಗೆ ಕೆಂಪು ಬಿಳಿ ದಾರ ಕಟ್ಟುತ್ತಾರೆ. ಹೋದ ವರ್ಷ ಇಲಿಂಕಾಗೆ ಏಳು, ಆಗಷ್ಟೇ ಓದು ಬಂದಿತ್ತು. ಹಲಗೆಯ ಮೇಲಿದ್ದ ಹೆಸರುಗಳನ್ನು ಓದಿಕೊಂಡು ಒಬ್ಬೊಬ್ಬರಿಗೆ ಒಂದೊಂದು ದಾರ ಹೊಸೆದಳು. ಜಮ್ಫಿರಾಳ ಕೈಗೆ ಒಂದನ್ನು ಕಟ್ಟಿ, ಇನ್ನೊಂದನ್ನು ಕೋಟು ನೇತುಹಾಕುವ ಮೊಳೆಗೆ ಸಿಕ್ಕಿಸಿದಳು. ಅದೇ ದಿನ ಊಟಕ್ಕೆ ಮುಂಚೆ ಜಿಲ್ಲಾ ಕಚೇರಿಯ ತಪಾಸಣೆಯವನು ಬಂದ. ಇದು ಯಾರಿಗೆ ಪುಟ್ಟಿ ಎಂದು ಮೆಲ್ಲಗೆ ಕೇಳಿದ.

"ದೊಮ್ನಿಕಾ ಚಿಕ್ಕಮ್ಮಂಗೆ. ದಿನಾ ಅವ್ರ ಹೆಸರು ಇರುತ್ತೆ, ಆದ್ರೆ ನಾವ್ಯಾರೂ ಅವ್ರನ್ನ ನೋಡೇ ಇಲ್ಲ."

ಅವನು ಹಾಜರಿ ಪುಸ್ತಕ ತರಿಸಿದ. ಜಮ್ಫಿರಾ ಸೊರೀನಾಳ ಮುಖ ನೋಡಿದಳು.

"ಇಂಥಾ ಕೆಲ್ಸ ಮಾಡ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಜಮ್ಫಿರಾ," ಎಂದಳು ಸೊರೀನಾ. ಅಕ್ಕ ಎನ್ನುವುದು ಅಷ್ಟರಲ್ಲೇ ಉದುರಿಹೋಗಿತ್ತು.

ಜಮ್ಫಿರಾ ಜಗಳಕ್ಕೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದಳು. "ಅಡುಗೆಯ ವೇತಾನ್ನ ಕೇಳಿ. ಮೇಡಂ ಹೇಳಿದಾಗ ಅವಳು ಅಲ್ಲೇ ಇದ್ಲು."

ಅವನು ಕೇಳಿದ.

"ನಾನು ಒಲೆ ಮುಂದೆ ಇರೋಳು ಸಾರ್. ನಂಗೇನೂ ಗೊತ್ತಿಲ್ಲ."

ಸೊರೀನಾಳಿಗೆ ನಾನು ಒಂದು ವರ್ಷದಿಂದ ಶಾಪ ಹಾಕುತ್ತಿದ್ದೇನೆ. ಮಾತು ಕೊಟ್ಟು ಕೈ ಕೊಟ್ಟವಳು ಅವಳು. ಆದರೆ ಕೇಳಿದ್ದು ನನ್ನನ್ನು. ನನಗೆ ಕೆಲಸ ಹೋಗುವ ಹೆದರಿಕೆ, ಬೇರೇನೂ ಇಲ್ಲ.

ಮಕ್ಕಳು ಊಟಕ್ಕೆ ಕೂತಿರುವಾಗಲೇ ಜಮ್ಫಿರಾಳನ್ನು ಹಿಂದಿನ ಬಾಗಿಲಿಂದ ಕಳಿಸಿದರು. ಮನೆ ಉಳಿಯಿತು, ತಪ್ಪೆಲ್ಲ ಅವಳೊಬ್ಬಳದೇ ಆಯಿತು. ಆರು ವರ್ಷ ಇಲ್ಲದ ಹಣ ಎರಡೇ ವಾರದಲ್ಲಿ ಹುಟ್ಟಿ, ಪಾಳಿಗೆ ಇಬ್ಬರ ನೇಮಕವೂ ಆಯಿತು. ಒಬ್ಬಳು ಹೊಸಬಳು, ಇನ್ನೊಬ್ಬಳು ನಾನು. ಬೇಡ ಎನ್ನಲಿಲ್ಲ.

ಈ ಮಾರ್ಚ್ ಒಂದರಂದು ಎಲ್ಲ ಮಕ್ಕಳೂ ದಾರ ಹೊಸೆದರು, ಇಲಿಂಕಾ ಮಾತ್ರ ಕೈಕಟ್ಟಿ ಕೂತಿದ್ದಳು. ನನಗಿಲ್ಲವೇ ಎಂದು ಕೇಳಿದೆ.

"ನಿಮಗೆ ಕಟ್ಟಲ್ಲ ವೇತಕ್ಕ," ಎಂದಳು. "ನಾನು ದಾರ ಕಟ್ಟಿದ್ದಕ್ಕೇ ಜಮ್ಫಿರಾ ದೊಡ್ಡಮ್ಮನ್ನ ಕಳಿಸಿದ್ದು."

ನಿನ್ನ ದಾರದಿಂದಲ್ಲ ಮಗಳೇ, ನನ್ನ ಬಾಯಿಂದ ಎಂದು ಹೇಳಬೇಕಿತ್ತು. ಸೂಪು ಆರಿಹೋಗುತ್ತೆ, ಬಾ ಎಂದೆ.