ಶಾಕಿನ ಎಣ್ಣೆ ಮತ್ತು ಮಲ್ಲಿನಾಥನ ಕಿವಿ

ಭಾನುವಾರ ಏನು ಮಾಡುತ್ತೀರಿ ಎಂದು ಹೆಣ್ಣಿನ ಕಡೆಯವರು ಕೇಳಿದರೆ ನಾನು ಸುಳ್ಳು ಹೇಳುತ್ತೇನೆ. ಒಮ್ಮೆ ನಿಜ ಹೇಳಿ ನೋಡಿದ್ದೆ: ರಿಮೋಟ್ ಕಾರು ಓಡಿಸುತ್ತೇನೆ, ಅದರ ಶಾಕ್ ಅಬ್ಸಾರ್ಬರಿಗೆ ಎಣ್ಣೆ ಬದಲಿಸುತ್ತೇನೆ ಎಂದು. ಹುಡುಗಿಯ ಸೋದರಮಾವ ಕನ್ನಡಕ ತೆಗೆದು ಒರೆಸಿಕೊಂಡು, ಮೂಗಿನಲ್ಲೇ "ಆಟಗಿ ಏನ್ರಿ?" ಎಂದರು. ಆಟಿಕೆಯಲ್ಲ, ರೇಸಿನ ಬಗ್ಗಿ, ಉದ್ದ ಒಂದೂವರೆ ಅಡಿಯಾದರೂ ಹಾರಿದರೆ ನಿಮ್ಮ ತಲೆಯ ಮಟ್ಟಕ್ಕೆ ಹಾರುತ್ತದೆ ಎಂದು ವಿವರಿಸುವಷ್ಟರಲ್ಲಿ ಚಹಾ ಬಂತು. ಹುಡುಗಿ ಬರಲೇ ಇಲ್ಲ. ಓಣಿ ದಾಟುವ ಮೊದಲೇ ನಾನು ಆ ಮಾವನ ಮೂಗು, ಕನ್ನಡಕ, "ಏನ್ರಿ" ಎಲ್ಲವನ್ನೂ ಮಾಡಿ ತೋರಿಸಿ ಅವ್ವನನ್ನು ನಗಿಸಿದ್ದೆ. ಕಣ್ಣೊರೆಸಿಕೊಂಡ ಅವ್ವ, "ನಿನಗ ಹೆಣ್ಣ ಸಿಗೂದಿಲ್ಲ ಬಿಡು" ಎಂದಳು.

ಅಣಕಿಸುವುದು ನನಗೆ ಕೆಮ್ಮಿನ ಹಾಗೆ. ತಡೆದರೆ ಇನ್ನೂ ಜೋರಾಗಿ ಬರುತ್ತದೆ.

ಸಸ್ಪೆನ್ಷನ್ ಎಂದರೇನು ಎಂದು ತಿಳಿಯಬೇಕಾದವರು ಪುಸ್ತಕ ಓದಬೇಕಾಗಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಒಮ್ಮೆ ಬಂದರೆ ಸಾಕು. ಗುಂಡಿ ಬಂದಾಗ ನಿಮ್ಮನ್ನು ಮೇಲಕ್ಕೆಸೆಯುವುದು ಸ್ಪ್ರಿಂಗು. ಎಸೆದವರನ್ನು ಮರ್ಯಾದೆಯಿಂದ ಕೆಳಗಿಳಿಸಬೇಕಾದದ್ದು ಶಾಕಿನ ಕೊಳವೆಯೊಳಗಿರುವ ಎಣ್ಣೆ. ನಮ್ಮ ಬಗ್ಗಿಗೂ ಇದೇ ನ್ಯಾಯ. ಎಣ್ಣೆ ತೀರಾ ತೆಳುವಾದರೆ ಗಾಡಿ ಹಾರಿ ಇಳಿದಾಗ ಹೊಟ್ಟೆ ನೆಲಕ್ಕೆ ಬಡಿದು ಚೆಂಡಿನಂತೆ ಪುಟಿಯುತ್ತದೆ. ತೀರಾ ದಪ್ಪವಾದರೆ ಸಣ್ಣ ಹರಳಿನ ಮೇಲೂ ಹಲ್ಲು ಕಟಕಟಿಸುತ್ತ ಓಡುತ್ತದೆ. ಎತ್ತಿನ ಬಂಡಿ ಕಟ್ಟಿದ ನಮ್ಮ ಹಿರಿಯರು ಈ ರಗಳೆಯೇ ಬೇಡವೆಂದು ಕೂರುವಲ್ಲಿ ಒಂದಿಷ್ಟು ಜೋಳದ ಕಣಿಕೆ ಹಾಸಿ, ಉಳಿದದ್ದನ್ನು ಕೂತವರ ಸೊಂಟಕ್ಕೆ ಬಿಟ್ಟರು. ನನಗನ್ನಿಸುವುದು, ಮನುಷ್ಯರಲ್ಲೂ ಈ ಎರಡು ಬಗೆ ಇವೆ. ನಾನು ಸ್ಪ್ರಿಂಗಿನ ಪೈಕಿ. ಎಸೆಯುವುದಷ್ಟೇ ಗೊತ್ತು.

ಮಲ್ಲಿನಾಥ ಎಣ್ಣೆಯ ಪೈಕಿ. ನಾಲ್ಕನೇ ಇಯತ್ತೆಯಿಂದ ಗೆಳೆಯ. ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅದೇ ಎಂಐಡಿಸಿಯ ಗೋದಾಮಿನ ಗೇಟಿನಲ್ಲಿ ನಾನು ಲಾರಿಗಳ ನಂಬರು ಬರೆದುಕೊಳ್ಳುತ್ತೇನೆ. ಬಗ್ಗಿ ನಮ್ಮಿಬ್ಬರದು. ಅಕ್ಕಲಕೋಟೆಯ ಹೊರಗೆ ಖಾಲಿ ಬಿದ್ದ ಮುರುಮಿನ, ಅಂದರೆ ಗರಸು ಮಣ್ಣಿನ, ಜಾಗದಲ್ಲಿ ಸಲಿಕೆ ಹಿಡಿದು ನಾವೇ ದಿಬ್ಬ, ತಿರುವು ಮಾಡಿಕೊಂಡಿದ್ದೇವೆ. ಓಡಿಸುವವನು ನಾನು. ಓಡುವಂತೆ ಮಾಡುವವನು ಅವನು.

ಅವನದೊಂದು ಪದ್ಧತಿ. ಎಲ್ಲರೂ ಸ್ಕೇಲು ಹಿಡಿದು ಗಾಡಿಯ ಎತ್ತರ ಅಳೆದರೆ, ಇವನು ಬಗ್ಗಿಯನ್ನು ಹಲಗೆಯಿಂದ ಒಂದು ಗೇಣು ಮೇಲೆತ್ತಿ, ಕಣ್ಣು ಮುಚ್ಚಿ, ಕತ್ತು ವಾಲಿಸಿ, ಕೈಬಿಡುತ್ತಿದ್ದ. ಥಪ್. ತುಟಿ ಸಣ್ಣಗೆ ಅಲುಗುತ್ತಿತ್ತು. "ಹಿಂದಿನ ಎಡಗಾಲ ತಡಾ ಮಾಡಾಕತ್ತದ" ಎನ್ನುತ್ತಿದ್ದ. ಗಾಲಿ ಎನ್ನುತ್ತಿರಲಿಲ್ಲ, ಕಾಲು. ಆ ಕಾಲಿನ ಸ್ಪ್ರಿಂಗಿನ ಬಳೆಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಎತ್ತಿ ಬಿಡುತ್ತಿದ್ದ. ನಾಲ್ಕು ಕಾಲಿನದು ಒಂದೇ ಸದ್ದಾಗುವ ತನಕ ನಾನು ಉಸಿರೆತ್ತುವಂತಿರಲಿಲ್ಲ. ನಮ್ಮ ಬಿಸಿಲಿಗೂ ಅವನ ಬಳಿ ಲೆಕ್ಕವಿತ್ತು. ಬೆಳಗಿನ ಎಣ್ಣೆ ಮಧ್ಯಾಹ್ನಕ್ಕೆ ನೀರಾಗುತ್ತದೆ, ಆದ್ದರಿಂದ ಹನ್ನೆರಡರ ರೇಸಿಗೆ ದಪ್ಪ ಎಣ್ಣೆ. ಎಷ್ಟು ದಪ್ಪ ಎಂಬುದನ್ನೂ ಆ ಥಪ್ ಹೇಳುತ್ತಿತ್ತು.

ಹೋದ ಬೇಸಿಗೆ ಸೊಲ್ಲಾಪುರದಲ್ಲಿ ಒಂದು ಸಣ್ಣ ರೇಸ್ ಇತ್ತು. ಪುಣೆಯಿಂದ ತಂಡವೊಂದು ಬರುವುದಿತ್ತು. ಅದರ ಯಜಮಾನರು ಮೆಕ್ಯಾನಿಕ್ ಹುಡುಕುತ್ತಿದ್ದರು. ವರ್ಷವಿಡೀ ಇದೇ ಕೆಲಸ, ಊರೂರು ತಿರುಗಾಟ. ಮಲ್ಲಿನಾಥ ಒಂದು ವಾರ ನಿದ್ದೆ ಮಾಡಲಿಲ್ಲ.

"ಪಮ್ಯಾ, ಒಂದ್ ಸಲ ನನ್ನ ಕೈ ನೋಡ್ಲಿ ಅಂದ್ರ ಸಾಕಲೇ. ಆ ಟವೆಲ್ ಮಶೀನ ಮುಂದ ನಿಂತ ನಿಂತ ಕಿವಿ ಸಾಯಾಕತ್ತಾವ. ಇನ್ನ ಎರಡ ವರ್ಷ ಅಲ್ಲೇ ಇದ್ರ ಏನೂ ಕೇಳಸೂದಿಲ್ಲ ನನಗ."

ನಾನು ಕಿವಿ ಕೇಳದ ಮುದುಕನ ದನಿಯಲ್ಲಿ "ಆಂ? ಏನಂದಿ?" ಎಂದೆ. ಅವನೂ ನಕ್ಕ. ಆಗಿನ್ನೂ ನಗುತ್ತಿದ್ದ.

ಬೆಳಗಿನ ಸುತ್ತುಗಳಲ್ಲಿ ನಮ್ಮ ಬಗ್ಗಿ ಎಷ್ಟು ಚೆನ್ನಾಗಿ ಓಡಿತೆಂದರೆ, ನಾನು ಓಡಿಸಿದರೂ ಗೆದ್ದಿತು. ಪುಣೆಯ ಸಾಹೇಬರು ತಾವಾಗಿ ಬಂದು, ಮಲ್ಲಿನಾಥನನ್ನು ತಮ್ಮ ಮಂಡಪಕ್ಕೆ ಕರೆದು, ತಮ್ಮದೇ ಗಾಡಿಯನ್ನು ಮುಂದಿಟ್ಟು ಮರಾಠಿಯಲ್ಲಿ ಹೇಳಿದರು: ಮಧ್ಯಾಹ್ನದ ಫೈನಲ್‌ಗೆ ಇದನ್ನು ನೀನೇ ಸಿದ್ಧ ಮಾಡು, ನೋಡೋಣ. ದಪ್ಪ ಎಣ್ಣೆಯ ಡಬ್ಬಿ ನಮ್ಮ ಚೀಲದಲ್ಲಿತ್ತು. ಅದನ್ನು ತರಲು ಅವನು ಹೋದ, ಜೊತೆಗೆ ಬಂದಿದ್ದ ನಾನು ಮಂಡಪದಲ್ಲೇ ಉಳಿದೆ. ಐದು ನಿಮಿಷ.

ಆ ಐದು ನಿಮಿಷ ನನ್ನ ಮುಂದೆ ಹದಿನೈದು ಮಂದಿ ಸುಮ್ಮನೆ ಕುಳಿತಿದ್ದರು. ಸುಮ್ಮನೆ ಕುಳಿತವರನ್ನು ಕಂಡರೆ ನನಗೆ ತಡೆಯುವುದಿಲ್ಲ. "ಹುಡುಗ ಹೇಗೆ ಸೆಟ್ ಮಾಡುತ್ತಾನೆ?" ಎಂದು ಸಾಹೇಬರು ಕೇಳಿದರು. ಬಾಯಲ್ಲಿ ಹೇಳಬಹುದಿತ್ತು. ನಾನು ಮಾಡಿ ತೋರಿಸಿದೆ. ಮುಚ್ಚಿದ ಕಣ್ಣು, ವಾಲಿದ ಕತ್ತು, ಅಲುಗುವ ತುಟಿ. ಎಲ್ಲರ ಮುಖದ ಮೇಲೂ ಸಣ್ಣ ನಗು. ಅಲ್ಲಿಗೆ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಆದರೆ ಅಣಕಿಸುವವರೆಲ್ಲ ಬಲ್ಲ ಒಂದು ಗುಟ್ಟಿದೆ. ಇದ್ದದ್ದನ್ನು ಇದ್ದಂತೆ ಮಾಡಿದರೆ ಜನ ಮೆಚ್ಚುತ್ತಾರೆ, ಇಲ್ಲದ್ದೊಂದನ್ನು ಸೇರಿಸಿದಾಗ ಹೊಟ್ಟೆ ಹಿಡಿದು ನಗುತ್ತಾರೆ. ನಾನು ಗಾಡಿಗೆ ಕಿವಿಯಿಟ್ಟು, ಅದರ ಬೆನ್ನು ಸವರಿ, ಸೂಲಗಿತ್ತಿಯ ದನಿಯಲ್ಲಿ ಮರಾಠಿಯಲ್ಲೇ "ಎಲ್ಲಿ ನೋಯ್ತದ ನನ್ನವ್ವಾ?" ಎಂದೆ. ಮಂಡಪ ಹಾರಿಹೋಗುವಂಥ ನಗು. ಸಾಹೇಬರಿಗೆ ಕೆಮ್ಮೇ ಹತ್ತಿತು.

ಮಲ್ಲಿನಾಥ ಡಬ್ಬಿ ಹಿಡಿದು ಬಂದ. ಅವನಿಗೇನು ಗೊತ್ತು? ನೆಲದ ಮೇಲೆ ಹಲಗೆ ಹಾಕಿ, ಸಾಹೇಬರ ಗಾಡಿಯನ್ನು ಒಂದು ಗೇಣು ಎತ್ತಿ, ಕಣ್ಣು ಮುಚ್ಚಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಅವನು ಕಣ್ಣು ತೆರೆದು ಅವರ ಮುಖಗಳನ್ನು ನೋಡಿದ. ಅವರ ನೋಟ ಯಾರ ಕಡೆಗಿದೆಯೆಂದು ಹುಡುಕಿ ನನ್ನನ್ನು ನೋಡಿದ. ನಾನು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದೆ. ನನ್ನ ಕಾಲಲ್ಲಿ ಚಪ್ಪಲಿ ಇತ್ತು.

ಅವನು ಗಾಡಿಯನ್ನು ಕೈಬಿಡಲಿಲ್ಲ, ಮೆಲ್ಲಗೆ ಕೆಳಗಿಟ್ಟ. "ಎಲ್ಲಾ ಬರೋಬರ್ ಅದರಿ ಸಾಹೇಬ್" ಎಂದು ಮರಾಠಿಯಲ್ಲಿ ಹೇಳಿದ. ಎಣ್ಣೆಯ ಡಬ್ಬಿ ತೆರೆಯಲೇ ಇಲ್ಲ. ಹನ್ನೆರಡರ ಬಿಸಿಲಿನಲ್ಲಿ, ಬೆಳಗಿನ ಎಣ್ಣೆಯ ಮೇಲೆ, ಸಾಹೇಬರ ಬಗ್ಗಿ ಎರಡನೇ ದಿಬ್ಬ ಹಾರಿ ಇಳಿದು, ಹೊಟ್ಟೆ ಬಡಿದು ಪುಟಿದು, ಬೆನ್ನಡಿಯಾಗಿ ಬಿತ್ತು. ಗಾಲಿಗಳು ಮೇಲೆ ತಿರುಗುತ್ತಲೇ ಇದ್ದವು. ಸಾಹೇಬರು ಮಲ್ಲಿನಾಥನನ್ನು ಬೈಯಲೂ ಇಲ್ಲ. ಬೈದಿದ್ದರೆ ಕೆಲಸಗಾರನೆಂದಾದರೂ ಎಣಿಸಿದ್ದರು ಎಂದುಕೊಳ್ಳಬಹುದಿತ್ತು.

ವಾರದ ಮೇಲೆ ಪುಣೆಯಿಂದ ಫೋನ್ ಬಂತು, ನನಗೆ. ತಂಡದವರ ಊಟವಿದೆ, ಬಂದು ಆ ಸೂಲಗಿತ್ತಿಯದನ್ನು ಇನ್ನೊಮ್ಮೆ ಮಾಡಬೇಕಂತೆ. ನೀವು ನನ್ನ ಬಗ್ಗೆ ಒಳ್ಳೆಯದನ್ನೇ ಊಹಿಸುವವರಾದರೆ, ನಾನು ಸಿಟ್ಟಿನಿಂದ ಫೋನಿಟ್ಟೆನೆಂದು ಊಹಿಸುತ್ತೀರಿ. ಹೋಗಿದ್ದೆ. ಮಾಡಿದೆ. ಎರಡು ಸಲ ಮಾಡಿಸಿದರು.

ಮರಳಿದ ಮೇಲಿನ ಭಾನುವಾರ ಮಲ್ಲಿನಾಥ ಎಂದಿನಂತೆ ಮುರುಮಿನ ಜಾಗಕ್ಕೆ ಬಂದ. ಒಂದೇ ಮಾತು ಕೇಳಿದ.

"ಊಟ ಹ್ಯಾಂಗಿತ್ತೋ?"

"ಛಲೋ ಇತ್ತು" ಎಂದೆ. ಬೇರೆ ಯಾವ ದನಿಯೂ ಬಾಯಿಗೆ ಬರಲಿಲ್ಲ, ನನ್ನದೇ ಬಂತು. ಎಷ್ಟು ಸಣ್ಣ ದನಿ ಅದು!

ಈಗ ಅವನ ಬಳಿ ಸ್ಕೇಲಿದೆ, ಎಲ್ಲರಂತೆ ಎತ್ತರ ಅಳೆಯುತ್ತಾನೆ. ಫೋನಿನಲ್ಲಿ ಉಷ್ಣತೆ ನೋಡಿ, ಪಟ್ಟಿಯಲ್ಲಿ ಬರೆದ ಎಣ್ಣೆ ಹಾಕುತ್ತಾನೆ. ಗಾಡಿ ಬಿದ್ದುಹೋಗುವುದಿಲ್ಲ, ಗೆಲ್ಲುವುದೂ ಇಲ್ಲ. ಗಾಡಿಯನ್ನೆತ್ತಿ ಕೈಬಿಡುವುದನ್ನು ಅವನು ಬಿಟ್ಟೇಬಿಟ್ಟಿದ್ದಾನೆ. ಯಾರೂ ಇಲ್ಲದಾಗ ನಾನೊಬ್ಬನೇ ಮಾಡಿ ನೋಡಿದ್ದೇನೆ. ಕಣ್ಣು ಮುಚ್ಚಿ, ಕತ್ತು ವಾಲಿಸಿ, ತುಟಿ ಅಲುಗಿಸಿ, ಕೈಬಿಟ್ಟೆ. ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಥಪ್ ಎಂದಿತು. ಅದು ಏನು ಹೇಳಿತೋ, ನನಗೆ ತಿಳಿಯಲಿಲ್ಲ.

ಇಷ್ಟೆಲ್ಲ ಬರೆದವನು ಅವನ ಮುಂದೆ ನಿಂತು "ತಪ್ಪಾತಲೇ ಮಲ್ಲ್ಯಾ" ಎನ್ನಬಹುದಲ್ಲ ಎಂದು ನೀವು ಕೇಳುವಿರಿ. ಮನೆಯಲ್ಲಿ ನಾವಿಬ್ಬರೂ ಆಡುವುದು ಕನ್ನಡವೇ. ಆದರೆ ಇಬ್ಬರೂ ಕಲಿತದ್ದು ಮರಾಠಿ ಸಾಲಿಯಲ್ಲಿ, ಕನ್ನಡದ ಒಂದಕ್ಷರವೂ ಅವನಿಗೆ ಓದಲು ಬಾರದು. ನನಗೆ ಮಾತ್ರ ಅಜ್ಜ ಹಟ ಹಿಡಿದು ಮನೆಯಲ್ಲೇ ಅಕ್ಷರ ತಿದ್ದಿಸಿದ. ಮರಾಠಿಯಲ್ಲಿ ಬರೆದಿದ್ದರೆ ಅವನಿಗೆ ತಲುಪುತ್ತಿತ್ತು. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ. ತಪ್ಪು ಮಾಡಿದ್ದು ಅವನಿಗೆ. ಪಾಪ, ಓದಿದವರು ನೀವು; ನಿಮಗೆ ನಾನೇನೂ ಮಾಡಿಲ್ಲ.