ದೊಡ್ಡಕ್ಕ ಬಡಿಸುವ ಮೊದಲ ತಟ್ಟೆ

ಬೆಳಕು ಹರಿಯುವಷ್ಟರಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನರಿಗೆ ಬೇಳೆ ಬೆಂದಿರುತ್ತದೆ, ಮೊಟ್ಟೆ ಬೇಯುತ್ತಿರುತ್ತದೆ. ಆದರೆ ಕೌಂಟರ್ ತೆರೆಯುವುದಿಲ್ಲ. ಎಲ್ಲರೂ ದೊಡ್ಡಕ್ಕ ಎನ್ನುವ ಮುಖ್ಯ ಅಡುಗೆಯವರು ಮೊದಲು ತಮ್ಮ ಸಹಾಯಕಿಯರನ್ನು ಬೆಂಚಿನ ಮೇಲೆ ಕೂರಿಸಿ ಬಡಿಸುತ್ತಾರೆ. ಹಸಿವಿಲ್ಲ ಎಂದವರಿಗೆ ಒಂದು ಮೊಟ್ಟೆ ಹೆಚ್ಚು! ಬೇಡ ಬೇಡವೆಂದರೂ, ಅವರನ್ನು ಮಾತಾಡಿಸಲು ಬಂದ ನನ್ನ ಮುಂದೆಯೂ ಒಂದು ತಟ್ಟೆ ಬಂದು ಕೂರುತ್ತದೆ.

ಈ ಪದ್ಧತಿ ಹೋದ ವರ್ಷದ್ದು. ಅದಕ್ಕೂ ಮೊದಲು ಸಹಾಯಕಿಯರ ಊಟ ಎಲ್ಲರದೂ ಮುಗಿದ ಮೇಲೆ, ತಳದಲ್ಲಿ ಉಳಿದಷ್ಟು. ದೊಡ್ಡಕ್ಕನೂ ಹಾಗೇ ಉಂಡು ಬಂದವರು, ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಆಗ ತರಕಾರಿ ಹೆಚ್ಚುತ್ತಿದ್ದವಳಿಗೆ ಮಾರುದ್ದ ಕೂದಲು. ಜಡೆಯಮ್ಮ ಎಂದೇ ಹೆಸರು ಬಿದ್ದಿತ್ತು. ಬರಬರುತ್ತಾ ಊಟದಲ್ಲಿ ಅವಳ ಕೂದಲು ಸಿಗತೊಡಗಿತು. ತಲೆಗೆ ಎರಡೆರಡು ಬಟ್ಟೆ ಬಿಗಿದದ್ದಾಯಿತು. ಮ್ಯಾನೇಜರ್ ಕೂಗಾಡಿದಾಗ ದೊಡ್ಡಕ್ಕ ಅಡ್ಡ ನಿಂತು, ನೀರು ಸರಿಯಿಲ್ಲ, ಅದಕ್ಕೇ ಕೂದಲು ಉದುರುತ್ತಿದೆ ಎಂದು ವಾದಿಸಿದರು. ತಾವೇ ಎಣ್ಣೆ ತಂದು ಅವಳ ನೆತ್ತಿಗೆ ತಿಕ್ಕಿದರು. ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು.

"ದಿನಾ ತನ್ನ ಪಾಲನ್ನ ಡಬ್ಬಿಗೆ ತುಂಬ್ಕೊಳ್ತಿದ್ಳು. ಮನೇಲಿ ನೆಮ್ಮದಿಯಾಗಿ ತಿಂತಾಳೆ ಅಂದ್ಕೊಂಡಿದ್ದೆ. ತಿಂತಿದ್ದದ್ದು ಮಕ್ಕಳು. ಇವಳ ಹೊಟ್ಟೆಗೆ ಬರೀ ಟೀ," ಎನ್ನುತ್ತಾ ದೊಡ್ಡಕ್ಕ ಸೌಟು ಕೆಳಗಿಡುತ್ತಾರೆ.

ಒಂದು ದಿನ ಅವಳು ಕೆಲಸದ ನಡುವೆಯೇ ತಲೆ ಸುತ್ತಿ ಬಿದ್ದಳು. ದೊಡ್ಡಕ್ಕ ಆಸ್ಪತ್ರೆಗೆ ಕರೆದೊಯ್ದರು. ಕೂದಲು ಉದುರಲು ನೂರೆಂಟು ಕಾರಣ ಇರಬಹುದು, ಇವಳಿಗೆ ಮಾತ್ರ ಊಟವೇ ಸಾಲದು ಎಂದರು ರಕ್ತ ಪರೀಕ್ಷೆ ನೋಡಿದ ಡಾಕ್ಟರು. ಕಬ್ಬಿಣದ ಅಂಶವಿಲ್ಲ, ಪ್ರೋಟೀನೂ ಇಲ್ಲ. ಮೈಗೇ ಸಾಲದಿದ್ದಾಗ ಕೂದಲಿನ ಪಾಲು ಕೊನೆಗೆ. ಎಣ್ಣೆ ಹೊಳಪು ಕೊಟ್ಟೀತು, ಬೇರಿಗೆ ಊಟ ಹಾಕದು. ಮಾತ್ರೆಯ ಜೊತೆ ಬೇಳೆ, ಸೊಪ್ಪು, ಮೊಟ್ಟೆ ಹೊಟ್ಟೆಗೆ ಬಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಚಿಗುರುತ್ತದೆ ಎಂದೂ ಹೇಳಿದರು.

ಅವರಿಬ್ಬರೂ ಮರಳುವಷ್ಟರಲ್ಲಿ ಹೆಚ್ಚುವ ಮಣೆಯ ಮುಂದೆ ಮ್ಯಾನೇಜರ್ ಬೇರೊಬ್ಬಳನ್ನು ಕೂರಿಸಿಯಾಗಿತ್ತು. ಮರುದಿನ ದೊಡ್ಡಕ್ಕ ಒಲೆ ಹಚ್ಚಲಿಲ್ಲ. ಅಡುಗೆಮನೆಯವರ ಊಟ ಮೊದಲು, ಕೌಂಟರ್ ಆಮೇಲೆ ಎಂದು ಪಟ್ಟು ಹಿಡಿದರು. ಆ ಪಟ್ಟು ಗೆದ್ದಿತು. ಜಡೆಯಮ್ಮನನ್ನು ಮತ್ತೆ ಸೇರಿಸಿಕೊಳ್ಳಲೂ ಒಪ್ಪಿಸಿದರು. ಅವಳೇ ಬರಲಿಲ್ಲ. ಉಳಿದ ಕೂದಲನ್ನೂ ಕತ್ತರಿಸಿಕೊಂಡು ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ.

ದೊಡ್ಡಕ್ಕ ದಿನವೂ ಅವಳಿಗೊಂದು ಡಬ್ಬಿ ಕಳಿಸುತ್ತಾರೆ. ಅದು ತೊಳೆಸಿಕೊಂಡು ಫಳಫಳ ಹೊಳೆಯುತ್ತಾ ವಾಪಸಾಗುತ್ತದೆ. ಒಳಗಿದ್ದದ್ದನ್ನು ಯಾರು ತಿಂದರೋ ತಿಳಿಯುವುದಿಲ್ಲ.

"ಮಕ್ಕಳಿಗೆ ಬೇರೆ ಡಬ್ಬಿ ಕಟ್ಟಿಕೊಡ್ತೀನಿ," ಎನ್ನುತ್ತಾರೆ ಬೆಂಚು ಒರೆಸುತ್ತಾ. "ಅವಳು ಒಂದೇ ಒಂದ್ಸಲ ಇಲ್ಲಿ, ನನ್ನ ಕಣ್ಣೆದುರು ಕೂತು ತಿನ್ನಲಿ. ತಲೆಗೆ ಬಟ್ಟೆ ಕಟ್ಕೊಳ್ದೆ ಬಂದ್ರೂ ಪರವಾಗಿಲ್ಲ."